ಮನೆಯ ಗಾಳಿ ಕೆಟ್ಟಿದೆಯಾ? ಮಷಿನ್ ಕೊಳ್ಳುವ ಮೊದಲು ಮೂಲ ಹುಡುಕಿ

ಮನೆಯೊಳಗಿದ್ದರೆ ಮೂಗು ಕಟ್ಟುತ್ತದೆ, ಹೊರಗೆ ಹೋದರೆ ಸರಿಹೋಗುತ್ತದೆ. ಬೆಳಗ್ಗೆ ಎದ್ದಾಗ ತಲೆ ಭಾರ. ಬೀರು ತೆಗೆದರೆ ಮುಗ್ಗಲು ವಾಸನೆ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದರೆ ಹಾಲ್‌ನಲ್ಲಿ ಕೂತವರೆಲ್ಲ ಕೆಮ್ಮುತ್ತಾರೆ. ಇಂಥ ದೂರು ಹೇಳಿಕೊಂಡರೆ ಈಗ ಸಿಗುವ ಸಲಹೆ ಒಂದೇ: "ಏರ್ ಪ್ಯೂರಿಫೈಯರ್ ತಗೊಳ್ಳಿ." ಹತ್ತು ಹದಿನೈದು ಸಾವಿರ ಕೊಟ್ಟು ತಂದೂ ಆಗುತ್ತದೆ. ತಲೆಭಾರ ಮಾತ್ರ ಹಾಗೇ ಇರುತ್ತದೆ.

ಆ ಮಷಿನ್ ಹಿಡಿಯುವುದು ಮುಖ್ಯವಾಗಿ ಧೂಳು ಮತ್ತು ಹೊಗೆಯ ಕಣಗಳನ್ನು. ಗೋಡೆಯ ತೇವ, ಗೀಸರ್‌ನ ವಿಷಗಾಳಿ, ಬಚ್ಚಲ ಜಾಲಿಯಿಂದ ಬರುವ ನಾತ, ರಾತ್ರಿಯಿಡೀ ನಾವೇ ಬಿಟ್ಟ ಉಸಿರು, ಇದ್ಯಾವುದೂ ಅದರ ಕೈಗೆ ಸಿಗುವುದಿಲ್ಲ. ಹಾಗಾಗಿ ಮೊದಲು ದೋಷ ಎಲ್ಲಿದೆ ಅಂತ ಹುಡುಕಬೇಕು. ಮನೆಯ ಗಾಳಿ ಕೆಡುವುದಕ್ಕೆ ಹೆಚ್ಚಿನ ಸಲ ಕಾರಣ ಎರಡೇ. ಒಳಗೆ ಏನೋ ಒಂದು ಹುಟ್ಟುತ್ತಿರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಇರುವುದಿಲ್ಲ.

ಕಾಯಲು ಸಮಯ ಇಲ್ಲದ ಎರಡು ದೋಷ

ಉಳಿದದ್ದನ್ನೆಲ್ಲ ನಿಧಾನವಾಗಿ ನೋಡಬಹುದು. ಇವೆರಡನ್ನು ಇವತ್ತೇ ನೋಡಿ.

ಒಂದು, ಗ್ಯಾಸ್ ಸೋರಿಕೆ. ಸಿಲಿಂಡರ್ ಗ್ಯಾಸಿಗೆ ಸ್ವಂತ ವಾಸನೆ ಇಲ್ಲ. ಸೋರಿದರೆ ಗೊತ್ತಾಗಲಿ ಅಂತಲೇ ಕೊಳೆತ ಎಲೆಕೋಸಿನಂಥ ಗಬ್ಬು ವಾಸನೆಯ ವಸ್ತು ಸೇರಿಸಿರುತ್ತಾರೆ. ಈ ಗ್ಯಾಸ್ ಗಾಳಿಗಿಂತ ಭಾರ. ಆದ್ದರಿಂದ ಅದು ನೆಲದ ಮೇಲೆ, ಕಟ್ಟೆಯ ಕೆಳಗಿನ ಕಪಾಟಿನೊಳಗೆ ಸೇರಿಕೊಳ್ಳುತ್ತದೆ. ಎತ್ತರದ ಕಿಟಕಿ ತೆಗೆದ ಮಾತ್ರಕ್ಕೆ ಪೂರ್ತಿ ಹೋಗುವುದಿಲ್ಲ, ಬಾಗಿಲನ್ನೂ ತೆಗೆಯಬೇಕು. ಪೈಪಿನಲ್ಲಿ ಬರುವ ನೈಸರ್ಗಿಕ ಅನಿಲ ಹಾಗಲ್ಲ. ಅದು ಹಗುರ, ಮೇಲೆ ಸೇರುತ್ತದೆ. ವಾಸನೆ ಬಂದಾಗ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎಕ್ಸಾಸ್ಟ್ ಫ್ಯಾನೂ ಬೇಡ. ರೆಗ್ಯುಲೇಟರ್ ಮುಚ್ಚಿ, ಎಲ್ಲರೂ ಹೊರಗೆ ಬಂದು, ಅಲ್ಲಿಂದ 1906ಕ್ಕೆ ಫೋನ್ ಮಾಡಿ. ಎಲ್‌ಪಿಜಿ ಸೋರಿಕೆಗೆಂದೇ ಇರುವ ಸಹಾಯವಾಣಿ ಅದು. ಸಣ್ಣ ಅನುಮಾನವಿದ್ದರೆ ಟ್ಯೂಬಿಗೂ ಜಾಯಿಂಟಿಗೂ ಸೋಪಿನ ನೀರು ಸವರಿ ನೋಡಿ, ಸೋರುವ ಕಡೆ ಗುಳ್ಳೆ ಏಳುತ್ತದೆ. ಬೆಂಕಿಕಡ್ಡಿ ಗೀರಿ ನೋಡುವ ಮಹಾನುಭಾವರು ಈಗಲೂ ಇದ್ದಾರೆ, ಅವರ ಮಾತು ಕೇಳಬೇಡಿ. ಟ್ಯೂಬಿನ ಮೇಲೆ ಅಚ್ಚಾದ ವರ್ಷವನ್ನೂ ನೋಡಿ. ಐದು ವರ್ಷ ದಾಟಿದ್ದರೆ ಬದಲಿಸಿ.

ಎರಡನೆಯದು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕೆಮ್ಮೂ ಬರುವುದಿಲ್ಲ. ಬೆಂಕಿಗೆ ಸಾಕಷ್ಟು ಗಾಳಿ ಸಿಗದಿದ್ದಾಗ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಮ್ಮ ಕಡೆ ಇದು ಹೆಚ್ಚಾಗಿ ಜನರನ್ನು ಹಿಡಿಯುವುದು ಬಚ್ಚಲಲ್ಲಿ, ಗ್ಯಾಸ್ ಗೀಸರ್ ಇರುವ ಕಡೆ. ಚಿಕ್ಕ ಬಚ್ಚಲು, ಬಾಗಿಲಿಗೆ ಚಿಲಕ, ಚಳಿಗೆ ಅಂತ ಮೇಲಿನ ಗಾಜಿನ ಪಟ್ಟಿಗಳಿಗೆ ರಟ್ಟು ಸಿಗಿಸಿರುತ್ತಾರೆ. ಗೀಸರ್ ಉರಿಯುತ್ತಾ ಇದ್ದ ಗಾಳಿಯನ್ನೆಲ್ಲ ತಿನ್ನುತ್ತದೆ. ಸ್ನಾನಕ್ಕೆ ಹೋದವರಿಗೆ ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ, ಕಾಲಿನಲ್ಲಿ ಶಕ್ತಿ ಇಲ್ಲದಂತಾಗುವುದು. "ಬಿಸಿನೀರಿಗೆ ಬಿಪಿ ಇಳೀತು" ಅಂದುಕೊಳ್ಳುತ್ತಾರೆ. ಅದು ಬಿಪಿ ಅಲ್ಲದಿರಬಹುದು.

ಪತ್ತೆ ಹಚ್ಚುವುದು ಹೀಗೆ. ಗೀಸರ್ ಬಚ್ಚಲ ಒಳಗೇ ಇದೆಯಾ? ಇದ್ದರೆ ಅದೇ ದೋಷ, ಬೇರೆ ಪರೀಕ್ಷೆ ಬೇಡ. ಅದನ್ನು ಯುಟಿಲಿಟಿಗೋ ಬಾಲ್ಕನಿಗೋ ಸಾಗಿಸಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಲ್ಲಿಯವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿಕೊಳ್ಳಿ, ಗೀಸರ್ ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಿ. ಬಕೆಟ್ ಸ್ನಾನ ರೂಢಿಯಿರುವ ನಮಗೆ ಇದೇನೂ ಕಷ್ಟವಲ್ಲ. ಜ್ವಾಲೆಯನ್ನೂ ನೋಡಿ. ನೀಲಿ ಇರಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ, ಗೀಸರ್ ಮೇಲಿನ ಗೋಡೆಗೆ ಮಸಿ ಹಿಡಿದಿದ್ದರೆ, ಬರ್ನರ್ ಸರಿಯಾಗಿ ಉರಿಯುತ್ತಿಲ್ಲ. ಆದರೆ ನೀಲಿ ಇದೆ ಅಂತ ಮುಚ್ಚಿದ ಬಚ್ಚಲಲ್ಲಿ ಧೈರ್ಯ ಮಾಡಬೇಡಿ.

ಯಾರಾದರೂ ಕುಸಿದು ಬಿದ್ದರೆ ಮೊದಲು ಬಯಲ ಗಾಳಿಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ "ಗ್ಯಾಸ್ ಗೀಸರ್ ಉರಿಯುತ್ತಿತ್ತು" ಅಂತ ಬಾಯಿಬಿಟ್ಟು ಹೇಳಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ಇಲ್ಲಿ ಮೋಸ ಮಾಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಅದು ಆಮ್ಲಜನಕ ತುಂಬಿದ ರಕ್ತ ಎಂದೇ ಓದುತ್ತದೆ. 98 ತೋರಿಸಿತು ಅಂತ ಸುಮ್ಮನಿರಬೇಡಿ. ಇದಕ್ಕೆ ಬೇರೆಯೇ ರಕ್ತ ಪರೀಕ್ಷೆ ಇದೆ.

ಬಾಣಂತಿ ಕೋಣೆಯ ಕೆಂಡವೂ ಇದೇ ಲೆಕ್ಕ. ಕಿಟಕಿಗೆ ಬಟ್ಟೆ ಕಟ್ಟಿ, ಬಾಗಿಲು ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡುವ ಪದ್ಧತಿ ಹಲವು ಕಡೆ ಇನ್ನೂ ಇದೆ. ಹೊಗೆ ಇಲ್ಲದ ನಿಗಿನಿಗಿ ಕೆಂಡ ನೋಡಿದರೆ "ಹೊಗೆ ಎಲ್ಲಿದೆ, ಏನಾಗುತ್ತೆ" ಅನಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬರುವುದೇ ಇದ್ದಿಲ ಕೆಂಡದಿಂದ. ಅಜ್ಜಿಯ ಜೊತೆ ಜಗಳ ಬೇಡ. "ಅಜ್ಜಿ, ಮಗೂಗೆ ಬಿಸಿನೀರಿನ ಚೀಲ ಇಡೋಣ, ಸಾಂಬ್ರಾಣಿ ಪಡಸಾಲೆಯಲ್ಲಿ ಹಾಕೋಣ" ಅಂದರೆ ಅರ್ಧ ದಾರಿಗೆ ಬರುತ್ತಾರೆ.

ಯಾವಾಗ? ಎಲ್ಲಿ?

ತುರ್ತಿನ ಎರಡು ಕಳೆದ ಮೇಲೆ ನಿಧಾನದ ಕೆಲಸ. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ. ಒಂದು ವಾರ, ಮನೆಯಲ್ಲಿ ಯಾರಿಗೆ ತೊಂದರೆಯಾದರೂ ಹೊತ್ತು, ಜಾಗ, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಅಂತ ಬರೆಯಿರಿ. ಇಷ್ಟು ಸಾಕು. ವಾರದ ಕೊನೆಗೆ ಹಾಳೆ ತಾನೇ ಮಾತಾಡುತ್ತದೆ. ಬೆಳಗ್ಗೆ ಮಾತ್ರ ಆಗುತ್ತಿದ್ದರೆ ಮಲಗುವ ಕೋಣೆ. ಸಂಜೆ ಏಳರ ಹೊತ್ತಿಗಾದರೆ ದೇವರ ದೀಪ, ಸೊಳ್ಳೆ ಬತ್ತಿ, ರಸ್ತೆಯ ಟ್ರಾಫಿಕ್. ಊರಿಗೆ ಹೋಗಿ ಬಂದ ದಿನ ಮಾತ್ರ ನಾತವಿದ್ದರೆ ಬಚ್ಚಲು. ಮಳೆಗಾಲಕ್ಕೆ ಶುರುವಾಗಿ ದೀಪಾವಳಿ ಹೊತ್ತಿಗೆ ಇಳಿದರೆ ತೇವ. ಮನೆಯಲ್ಲೆಲ್ಲ ಒಂದೇ ಥರ, ಹೊರಗೂ ಅದೇ ಥರ ಇದ್ದರೆ ದೋಷ ಮನೆಯದಲ್ಲ, ಬೀದಿಯದು.

ಮಗುವಿಗೆ ಉಬ್ಬಸ, ಹಿರಿಯರಿಗೆ ದಮ್ಮು ಇದ್ದರೆ ವಾರ ಕಾಯಬೇಡಿ. ಡಾಕ್ಟರ್ ಹತ್ತಿರ ಹೋಗಿ, ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಬೆಳಗ್ಗೆ ತಲೆ ಭಾರ, ಎಂಟು ಗಂಟೆ ಮಲಗಿದರೂ ನಿದ್ದೆ ಸಾಲದು

ಇದು ಈಚಿನ ಅಪಾರ್ಟ್‌ಮೆಂಟುಗಳ ಕಾಯಿಲೆ. ಹಳೆ ಹೆಂಚಿನ ಮನೆಯಲ್ಲಿ ಬಾಗಿಲು ಹಾಕಿದರೂ ಹೆಂಚಿನ ಸಂದಿಯಿಂದ, ಗವಾಕ್ಷಿಯಿಂದ ಗಾಳಿ ಆಡುತ್ತಿತ್ತು. ಆರ್‌ಸಿಸಿ ಬಂದ ಮೇಲೂ ಕಿಟಕಿಯ ಮೇಲೊಂದು ವೆಂಟಿಲೇಟರ್ ಇರುತ್ತಿತ್ತು. ಈಗ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ರಬ್ಬರ್ ಪಟ್ಟಿ, ಒಳಗೆ ಎಸಿ. ಎಸಿ ಹಾಕಿದರೆ ಹೊಸ ಗಾಳಿ ಬರುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಿರುಗಿಸಿ ತಣ್ಣಗೆ ಮಾಡುತ್ತದೆ, ಅಷ್ಟೇ. ಹೊರಗಿನ ಯೂನಿಟ್‌ಗೆ ಹೋಗುವ ತಾಮ್ರದ ಪೈಪಿನಲ್ಲಿ ಗಾಳಿ ಹೋಗುವುದೇ ಇಲ್ಲ.

ಬಯಲಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ ಇರುತ್ತದೆ. 10×12 ಅಡಿ ಕೋಣೆಯನ್ನು ಬಿಗಿಯಾಗಿ ಮುಚ್ಚಿಕೊಂಡು ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ 2000 ದಾಟುವುದು ಮಾಮೂಲಿ. ಇದು ವಿಷವೇನಲ್ಲ. ಆದರೆ 1000 ದಾಟಿತು ಅಂದರೆ ಕೋಣೆಯ ಗಾಳಿ ಬದಲಾಗುತ್ತಿಲ್ಲ ಎಂದರ್ಥ. ಉಸಿರು ಮಾತ್ರವಲ್ಲ, ಹಾಸಿಗೆಯ ಧೂಳು, ಬೀರುವಿನ ವಾಸನೆ, ಮೈಬೆವರು, ಎಲ್ಲವೂ ಅಲ್ಲೇ ಸುತ್ತುತ್ತಿರುತ್ತವೆ.

ಪರೀಕ್ಷೆಗೆ ಮೀಟರ್ ಬೇಕಿಲ್ಲ. ಬೆಳಗ್ಗೆ ಎದ್ದು ಹೊರಗೆ ಹೋಗಿ ಐದು ನಿಮಿಷ ನಿಂತು ಮತ್ತೆ ಕೋಣೆಗೆ ಬನ್ನಿ. ಮೂಗಿಗೆ ಒಂದು ಮಂಕು ವಾಸನೆ ಹೊಡೆದರೆ ಉತ್ತರ ಸಿಕ್ಕಿತು. ಆಮೇಲೆ ಮೂರು ರಾತ್ರಿ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟು, ಹಾಲ್‌ನ ಕಿಟಕಿ ಸ್ವಲ್ಪ ಸರಿಸಿ ಮಲಗಿ ನೋಡಿ. ತಲೆಭಾರ ಇಳಿದರೆ ಔಷಧಿ ಅದೇ. ಒಂದೇ ಕಿಟಕಿ ತೆಗೆದರೆ ಹೆಚ್ಚು ಪ್ರಯೋಜನ ಇಲ್ಲ. ಗಾಳಿಗೆ ಬರಲು ಒಂದು ದಾರಿ, ಹೋಗಲು ಒಂದು ದಾರಿ ಬೇಕು.

ಕಿಟಕಿ ತೆಗೆದರೂ ಗಾಳಿ ಬರುತ್ತಿಲ್ಲವೇ? ಸೊಳ್ಳೆ ಮೆಶ್ ಮೇಲೆ ಬೆರಳು ಎಳೆದು ನೋಡಿ. ಎರಡು ವರ್ಷದಿಂದ ಒರೆಸದ ಮೆಶ್‌ನ ಕಣ್ಣುಗಳಲ್ಲಿ ಬೂದು ಬಣ್ಣದ ಹತ್ತಿಯಂಥ ಧೂಳು ತುಂಬಿರುತ್ತದೆ. ಬೆರಳಿಟ್ಟರೆ ಪದರವಾಗಿ ಕಿತ್ತು ಬರುತ್ತದೆ. ಒದ್ದೆ ಸ್ಪಂಜಿನಿಂದ ಎರಡೂ ಕಡೆ ಒತ್ತಿ ಒರೆಸಿ. ಇದಕ್ಕಿಂತ ಅಗ್ಗದ ರಿಪೇರಿ ಮನೆಯಲ್ಲಿ ಇನ್ನೊಂದಿಲ್ಲ.

ದೊಡ್ಡ ರಸ್ತೆ ಪಕ್ಕದ ಮನೆಯವರಿಗೆ ಕಿಟಕಿ ತೆಗೆಯುವ ಹೊತ್ತು ಮುಖ್ಯ. ಆಫೀಸಿಗೆ ಹೋಗುವ, ಬರುವ ಟ್ರಾಫಿಕ್ ಹೊತ್ತು ಬಿಡಿ. ಚಳಿಗಾಲದ ಬೆಳಗ್ಗೆ ಗಾಳಿ ಶುದ್ಧ ಅಂದುಕೊಳ್ಳುತ್ತೇವೆ, ಅಲ್ವಾ? ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಹೊಗೆಯನ್ನು ಮೇಲೆ ಹೋಗಲು ಬಿಡುವುದಿಲ್ಲ. ಬಿಸಿಲೇರಿದ ಮೇಲೆ, ಮಧ್ಯಾಹ್ನದ ಹೊತ್ತು ವಾಸಿ.

ಒಗ್ಗರಣೆ ಘಾಟು ಹಾಲ್‌ಗೆ ಬರುತ್ತದೆ

ಚಿಮಣಿ ಇದೆ, ಎಕ್ಸಾಸ್ಟ್ ಫ್ಯಾನ್ ಇದೆ, ಆದರೂ ಬ್ಯಾಡಗಿ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಮನೆಯೆಲ್ಲ ಕೆಮ್ಮು. ಒಂದು ತುಂಡು ಟಿಶ್ಯೂ ಪೇಪರ್ ತೆಗೆದುಕೊಳ್ಳಿ. ಫ್ಯಾನ್ ಹಾಕಿ ಅದರ ಮುಖಕ್ಕೆ ಹಿಡಿಯಿರಿ. ಪೇಪರ್ ಅಂಟಿಕೊಂಡು ನಿಲ್ಲಬೇಕು. ನಿಲ್ಲದೆ ಬೀಳುತ್ತದೆಯಾ? ಈಗ ಅಡುಗೆಮನೆ ಬಾಗಿಲೋ ಹಾಲ್ ಕಿಟಕಿಯೋ ತೆರೆದು ಮತ್ತೆ ಹಿಡಿಯಿರಿ. ಈ ಸಲ ಅಂಟಿಕೊಂಡರೆ ಫ್ಯಾನ್ ಚೆನ್ನಾಗಿದೆ, ಅದಕ್ಕೆ ಎಳೆಯಲು ಗಾಳಿ ಸಿಗುತ್ತಿರಲಿಲ್ಲ. ಎಲ್ಲ ಮುಚ್ಚಿಕೊಂಡು ಎಕ್ಸಾಸ್ಟ್ ಹಾಕುವುದೆಂದರೆ ಗಟ್ಟಿ ಬಾಟಲಿಗೆ ಬಾಯಿಟ್ಟು ಗಾಳಿ ಎಳೆದ ಹಾಗೆ.

ಆಗಲೂ ಬಿದ್ದರೆ ಜಿಡ್ಡು. ಚಿಮಣಿಯ ಜಾಲರಿ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸಂದುಗಳಲ್ಲಿ ಜೇನಿನಂಥ ಅಂಟು ಕೂತಿದ್ದರೆ ಬಿಸಿನೀರು, ಸೋಡಾಪುಡಿ, ಪಾತ್ರೆ ತಿಕ್ಕುವ ಲಿಕ್ವಿಡ್ ಹಾಕಿ ನೆನೆಸಿ. ಎಕ್ಸಾಸ್ಟ್ ಫ್ಯಾನಿನ ಹೊರಗಿನ ಮುಚ್ಚಳ ಜಿಡ್ಡಿಗೆ ಅಂಟಿ ತೆರೆಯದೆ ಇರುವುದೂ ಉಂಟು. ಹೊರಗೆ ಹೋಗಿ ಒಮ್ಮೆ ನೋಡಿ.

ಚಿಮಣಿಯ ಪೈಪ್ ಗೋಡೆಯಾಚೆ ಹೋಗಿದೆಯಾ ಅಂತಲೂ ಹುಡುಕಿ. ಪೈಪ್ ಇಲ್ಲದ ಚಿಮಣಿಯೂ ಬರುತ್ತದೆ. ಅದು ಹೊಗೆಯನ್ನು ಇದ್ದಿಲ ಫಿಲ್ಟರ್ ಮೂಲಕ ಸೋಸಿ ಅಡುಗೆಮನೆಗೇ ವಾಪಸ್ ಬಿಡುತ್ತದೆ. ಜಿಡ್ಡು ಸ್ವಲ್ಪ ಹಿಡಿಯುತ್ತದೆ. ತೇವ, ಗ್ಯಾಸ್ ಉರಿಯುವಾಗ ಬರುವ ನೈಟ್ರೋಜನ್ ಡೈಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್ ಯಾವುದನ್ನೂ ಹಿಡಿಯುವುದಿಲ್ಲ. ನನ್ನ ಕೇಳಿದರೆ ಅದಕ್ಕಿಂತ ಗೋಡೆಗೆ ತೂತು ಮಾಡಿ ಹಾಕಿದ ಸಾಧಾರಣ ಎಕ್ಸಾಸ್ಟ್ ಫ್ಯಾನ್ ಮೇಲು. ಫ್ಯಾನನ್ನು ಒಲೆ ಹಚ್ಚುವ ಮೊದಲೇ ಹಾಕಿ, ಅಡುಗೆ ಮುಗಿದ ಮೇಲೂ ಹತ್ತು ಹದಿನೈದು ನಿಮಿಷ ಬಿಡಿ. ಎಣ್ಣೆ ಹೊಗೆಯಾಡುವ ಕೆಲಸಕ್ಕೆ ಗೋಡೆ ಕಡೆಯ ಬರ್ನರ್ ಬಳಸಿ, ಚಿಮಣಿ ಹೆಚ್ಚು ಹಿಡಿಯುವುದು ಅಲ್ಲಿಯದನ್ನೇ.

ಸೌದೆ ಒಲೆಯ ಮನೆಗಳ ಕಥೆ ಬೇರೆ. ಗ್ಯಾಸ್ ಬಂದಿದ್ದರೂ ಬಚ್ಚಲ ಹಂಡೆಗೆ, ಕೊಟ್ಟಿಗೆಯ ದನಗಳಿಗೆ ಬೇಯಿಸುವ ಮೇವಿಗೆ ಸೌದೆಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಸೌದೆಯ ಅಡುಗೆಗೆಂದು ಅಸ್ತ್ರ ಒಲೆ ರೂಪಿಸಿತು. ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ಹೊರಕ್ಕೆ. ಇಂಥ ಒಲೆ ಇದ್ದೂ ಹೊಗೆ ಒಳಗೇ ಸುತ್ತುತ್ತಿದ್ದರೆ ಕೊಳವೆಯಲ್ಲಿ ಮಸಿ ಕಟ್ಟಿದೆ ಎಂದರ್ಥ. ಉದ್ದದ ಕೋಲಿಗೆ ಬಟ್ಟೆ ಸುತ್ತಿ ಮೇಲಿಂದ ಕೆಳಕ್ಕೆ ಎಳೆದರೆ ಬುಟ್ಟಿಗಟ್ಟಲೆ ಬರುತ್ತದೆ. ಸೌದೆ ಹಸಿ ಇದ್ದರೂ ಇದೇ ಗೋಳು.

ಮುಗ್ಗಲು ವಾಸನೆ, ಗೋಡೆಯಲ್ಲಿ ಕರಿ ಚುಕ್ಕೆ

ಇದಕ್ಕೆ ತಪ್ಪು ಔಷಧಿಯೇ ಜಾಸ್ತಿ. ಪೇಂಟರ್ ಬಂದು "ಸಾರ್, ಎರಡು ಕೋಟ್ ಪುಟ್ಟಿ ಎಳೆದ್ರೆ ಹೋಗುತ್ತೆ" ಅನ್ನುತ್ತಾನೆ. ಹೋಗುತ್ತದೆ, ಮುಂದಿನ ಜೂನ್‌ವರೆಗೆ.

ಮೊದಲು ಅದು ಬೂಷ್ಟೋ ಉಪ್ಪೋ ನೋಡಿ. ಗೋಡೆಯಲ್ಲಿ ಬಿಳಿ ಪುಡಿ ಎದ್ದು ಬಣ್ಣ ಹೆಪ್ಪಳಿಕೆಯಾಗಿ ಉದುರುತ್ತಿದ್ದರೆ ಅದು ಉಪ್ಪು. ಒದ್ದೆ ಬೆರಳಿನಿಂದ ಮುಟ್ಟಿದರೆ ಕರಗುತ್ತದೆ. ಬೂಷ್ಟು ಕರಗುವುದಿಲ್ಲ, ಮಸಿಯಂತೆ ಬಳಿದುಕೊಳ್ಳುತ್ತದೆ. ಉಪ್ಪಿನಿಂದ ಉಸಿರಿಗೆ ತೊಂದರೆ ಇಲ್ಲ, ಆದರೆ ಗೋಡೆಯೊಳಗೆ ನೀರು ಓಡಾಡುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಇವತ್ತು ಉಪ್ಪು ಇದ್ದ ಕಡೆ ನಾಳೆ ಬೂಷ್ಟು ಬರುತ್ತದೆ.

ಆಮೇಲೆ ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು. ಗೋಡೆಯೊಳಗಿಂದಲೋ, ಕೋಣೆಯ ಗಾಳಿಯಿಂದಲೋ? ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ ಕತ್ತರಿಸಿ. ತೇವ ಇರುವ ಜಾಗವನ್ನು ಒಣಬಟ್ಟೆಯಲ್ಲಿ ಒರೆಸಿ, ಹಾಳೆಯನ್ನು ಅದರ ಮೇಲಿಟ್ಟು ನಾಲ್ಕೂ ಅಂಚಿಗೆ ಸಂದಿಯಿಲ್ಲದಂತೆ ಟೇಪ್ ಹಾಕಿ. ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ, ಗೋಡೆ ಕಡೆ, ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ, ನಿಮ್ಮ ಕಡೆ, ಬೆವರಿದ್ದರೆ ಕೋಣೆಯ ತೇವ ತಣ್ಣನೆಯ ಗೋಡೆಗೆ ಬಡಿದು ಇಳಿಯುತ್ತಿದೆ. ಎರಡೂ ಕಡೆ ಇದ್ದರೆ ನಿಮ್ಮ ಅದೃಷ್ಟ, ಎರಡೂ ರಿಪೇರಿ ಮಾಡಿಸಬೇಕು.

ಗೋಡೆಯೊಳಗಿನ ನೀರಿಗೆ ಕಾರಣಗಳು ಗೊತ್ತಿರುವವೇ. ಕಲೆ ಸೀಲಿಂಗ್‌ನಲ್ಲಿದ್ದರೆ ಮೇಲಿನ ಮನೆಯ ಬಚ್ಚಲು ಅಥವಾ ತಾರಸಿ. ನೆಲದಿಂದ ಎರಡು ಮೂರು ಅಡಿಗೆ ನಿಂತಿದ್ದರೆ ಪಾಯದಿಂದ ಏರುವ ತೇವ. ಕಿಟಕಿಯ ಮೂಲೆಯಲ್ಲಿದ್ದರೆ ಸಜ್ಜದ ಬಿರುಕು. ಮಳೆ ಇಲ್ಲದ ಮಾರ್ಚ್‌ನಲ್ಲೂ ಒದ್ದೆ ಇದ್ದರೆ ಪೈಪ್ ಸೋರಿಕೆ. ಮೂಲ ಸರಿಮಾಡಿಸಿ, ಗೋಡೆ ಪೂರ್ತಿ ಒಣಗಲು ಬಿಟ್ಟು, ಆಮೇಲೆ ಬಣ್ಣ. ಈ ಮೂರರ ಕ್ರಮ ತಪ್ಪಿದರೆ ದುಡ್ಡು ಗೋಡೆಗೆ ಬಳಿದ ಹಾಗೆಯೇ.

ಗಾಳಿಯ ತೇವಕ್ಕೆ ಮೂಲ ನಮ್ಮದೇ ಬದುಕು. ಮಳೆಗಾಲದಲ್ಲಿ ಬಟ್ಟೆ ಒಳಗೇ ಒಣಹಾಕುತ್ತೇವೆ. ಒಂದು ಮಷಿನ್ ಬಟ್ಟೆಯಿಂದ ಸುಮಾರು ಎರಡು ಲೀಟರ್ ನೀರು ಕೋಣೆಯ ಗಾಳಿಗೆ ಸೇರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಒಂದೇ ಕೋಣೆಯಲ್ಲಿ ಹಾಕಿ, ಅದರ ಬಾಗಿಲು ಮುಚ್ಚಿ, ಕಿಟಕಿ ತೆಗೆದು, ಫ್ಯಾನ್ ಹಾಕಿ. ಮಲಗುವ ಕೋಣೆ ಬೇಡ. ಬೀರುವನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಿ. ಬೂಷ್ಟು ಮೊದಲು ಹುಟ್ಟುವುದೇ ಬೀರುವಿನ ಬೆನ್ನಿಗೆ. ಕೆಲವು ನೂರು ರೂಪಾಯಿಗೆ ತೇವಾಂಶದ ಮೀಟರ್ ಸಿಗುತ್ತದೆ, ಅದು ತೆಗೆದುಕೊಳ್ಳಬಹುದು. 60 ಶೇಕಡಾ ಒಳಗಿದ್ದರೆ ಬೂಷ್ಟಿಗೆ ಕಷ್ಟ. ಆಗುಂಬೆ, ಮಡಿಕೇರಿ ಕಡೆಯವರು ಇದನ್ನು ಓದಿ ನಗುತ್ತಾರೆ ಅಂತ ಗೊತ್ತು. ಅಲ್ಲಿ ಆಷಾಢದಲ್ಲಿ ಮೀಟರ್ 90ರಿಂದ ಕೆಳಗಿಳಿಯುವುದೇ ಅಪರೂಪ. ಅಲ್ಲಿ ಸುರಿಯುವ ಹೊತ್ತಲ್ಲಿ ಕಿಟಕಿ ತೆಗೆದರೆ ತೇವ ಒಳಗೇ ಬರುತ್ತದೆ. ಮಳೆ ಹೊಳವಾದಾಗ ತೆಗೆಯಿರಿ, ಉಳಿದ ಹೊತ್ತು ಹೊಗೆ ಕೊಳವೆಯಲ್ಲಿ ಹೊರಹೋಗುವ ಬಚ್ಚಲ ಒಲೆಯ ಬಿಸಿಯನ್ನೇ ನೆಚ್ಚಿಕೊಳ್ಳಿ, ಇಲ್ಲವೇ ತೇವ ಹೀರುವ ಡಿಹ್ಯೂಮಿಡಿಫೈಯರ್ ಇಡಿ. ದುಡ್ಡು ಹಾಕಲೇಬೇಕೆಂದರೆ ಮಲೆನಾಡಿಗೆ ಏರ್ ಪ್ಯೂರಿಫೈಯರ್‌ಗಿಂತ ಇದೇ ಸರಿ.

ಬೂಷ್ಟು ತೆಗೆಯುವಾಗ ಒಣಗಿದ್ದನ್ನು ಕೆರೆಯಬೇಡಿ, ಬೀಜಕಣ ಮನೆಯೆಲ್ಲ ಹಾರುತ್ತವೆ. ಎನ್95 ಮಾಸ್ಕ್ ಹಾಕಿ, ಸೋಪಿನ ನೀರಿನಿಂದ ನೆನೆಸಿ ಉಜ್ಜಿ, ಬಟ್ಟೆಯನ್ನು ಎಸೆಯಿರಿ. ಮೂರಡಿ ಚೌಕಕ್ಕಿಂತ ದೊಡ್ಡದಿದ್ದರೆ, ಮನೆಯಲ್ಲಿ ಉಬ್ಬಸದವರಿದ್ದರೆ, ಕೂಲಿ ಕೊಟ್ಟು ಮಾಡಿಸಿ. ಜೋರು ಮಾಡಲು ಹೋಗಿ ಬ್ಲೀಚಿಗೆ ಟಾಯ್ಲೆಟ್ ಕ್ಲೀನರ್ ಸೇರಿಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ.

ಆಗಾಗ ಬರುವ ಮೋರಿ ನಾತ

ಬಳಸದ ಬಚ್ಚಲು, ಯುಟಿಲಿಟಿ, ಬಾಲ್ಕನಿ ಜಾಲಿ. ಜಾಲಿಯ ಕೆಳಗೆ ನಹಾನಿ ಟ್ರ್ಯಾಪ್ ಅಂತ ಒಂದು ಬಾಗು ಇರುತ್ತದೆ. ಅದರಲ್ಲಿ ಎರಡು ಇಂಚಿನಷ್ಟು ನೀರು ನಿಂತು ಮೋರಿಯ ಗಾಳಿಯನ್ನು ತಡೆಯುತ್ತದೆ. ಬೇಸಿಗೆಯಲ್ಲಿ, ಊರಿಗೆ ಹೋದಾಗ, ಆ ನೀರು ಆರಿಹೋಗುತ್ತದೆ. ಒಂದು ಬಕೆಟ್ ನೀರು ಹಾಕಿ. ಅರ್ಧ ಗಂಟೆಯಲ್ಲಿ ನಾತ ನಿಂತರೆ ಪತ್ತೆಯೂ ಆಯಿತು, ರಿಪೇರಿಯೂ ಆಯಿತು. ಮೇಲಿಂದ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ ನೀರು ಬೇಗ ಆರುವುದಿಲ್ಲ.

ನಿಲ್ಲದಿದ್ದರೆ ವಾಷಿಂಗ್ ಮಷಿನ್ ಪೈಪ್ ನೋಡಿ. ಅದನ್ನು ಸುಮ್ನೆ ತೂತಿಗೆ ತುರುಕಿದ್ದು, ಸುತ್ತ ಸಂದಿ ಉಳಿದಿರುತ್ತದೆ. ಇನ್ನೊಂದು ಅನುಮಾನ: ಅಡುಗೆಮನೆ ಎಕ್ಸಾಸ್ಟ್ ಹಾಕಿದಾಗಲೇ ನಾತ ಬರುತ್ತದೆಯಾ? ಹಾಗಿದ್ದರೆ ಮುಚ್ಚಿದ ಮನೆಯಿಂದ ಫ್ಯಾನ್ ಗಾಳಿ ಎಳೆಯುತ್ತಿದೆ, ಆ ಗಾಳಿ ಬಚ್ಚಲ ಡಕ್ಟ್‌ನಿಂದ ಬರುತ್ತಿದೆ. ಕೆಳಮನೆಯವರ ಸಿಗರೇಟು, ಪಕ್ಕದವರು ಹುರಿದ ಮೀನು ನಿಮ್ಮ ಬಚ್ಚಲಲ್ಲಿ ಘಮ್ಮೆನ್ನುವುದೂ ಇದೇ ದಾರಿಯಲ್ಲಿ. ಹಾಲ್‌ನ ಕಿಟಕಿ ತೆರೆದರೆ ಜಗಳವಿಲ್ಲದೆ ಮುಗಿಯುತ್ತದೆ.

ಸಂಜೆಯ ಹೊಗೆ

ಊದುಬತ್ತಿ, ಧೂಪ, ಕರ್ಪೂರ, ಸೊಳ್ಳೆ ಬತ್ತಿ. ಮೈಸೂರಿನವರು ಸಿಟ್ಟಾಗಬೇಡಿ, ಪರಿಮಳ ಚೆನ್ನಾಗಿದ್ದರೂ ಹೊಗೆ ಹೊಗೆಯೇ. ಸಣ್ಣ ದೇವರ ಕೋಣೆಯಲ್ಲಿ ಒಂದು ಹಿಡಿ ಕಡ್ಡಿ ಹಚ್ಚುವ ಬದಲು ಒಂದು ಹಚ್ಚಿ, ಆರುವವರೆಗೆ ಕಿಟಕಿ ತೆಗೆದಿಡಿ. ಭಕ್ತಿಗೆ ಕೊರತೆಯಾಗುವುದಿಲ್ಲ.

ಸೊಳ್ಳೆ ಬತ್ತಿಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸೂಕ್ಷ್ಮ ಕಣ ಬರುತ್ತದೆ ಎಂದು 2003ರಲ್ಲೇ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿದೆ. ಅದನ್ನು ಮಕ್ಕಳ ಮಂಚದ ಕೆಳಗಿಟ್ಟು ಬಾಗಿಲು ಹಾಕುತ್ತೇವೆ. ಬದಲಿಗೆ ಸೊಳ್ಳೆ ಪರದೆ ಕಟ್ಟಿ.

ಬೀರುವಿನ ನುಸಿಗುಳಿಗೆಯೂ ಇದೇ ಪಟ್ಟಿಗೆ ಸೇರುತ್ತದೆ. ಗುಳಿಗೆ ಕರಗಿ ಎಲ್ಲಿ ಹೋಯಿತು ಅಂದರೆ, ಗಾಳಿಗೆ. ಎಳೆಗೂಸಿನ ಬಟ್ಟೆಯ ಜೊತೆ ಅದನ್ನು ಇಡಲೇಬೇಡಿ. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುತ್ತದೆ. ಅಂಥವರ ರಕ್ತಕಣಗಳನ್ನು ಈ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಒಡೆಯುತ್ತದೆ.

ಯುಟಿಲಿಟಿಯಲ್ಲಿ ಪಾರಿವಾಳ

ತಿಂಗಳುಗಟ್ಟಲೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಎಸಿ ಯೂನಿಟ್ ಮೇಲೆ ಪಾರಿವಾಳದ ಸಂಸಾರ. ಈ ಮೂರೂ ಒಟ್ಟಿಗೆ ಇದ್ದರೆ ಶ್ವಾಸಕೋಶದ ಡಾಕ್ಟರಿಗೆ ಪಾರಿವಾಳದ ವಿಷಯ ಹೇಳಿ. ಅವುಗಳ ಒಣಹಿಕ್ಕೆ, ಪುಕ್ಕದ ಪುಡಿ ಉಸಿರಾಡಿ ಕೆಲವರ ಶ್ವಾಸಕೋಶ ಅಲರ್ಜಿಯಿಂದ ಊದಿಕೊಳ್ಳುತ್ತದೆ, ಬಿಟ್ಟರೆ ಗಟ್ಟಿಯಾಗುತ್ತದೆ. ಹಿಕ್ಕೆಯನ್ನು ಒಣಪೊರಕೆಯಲ್ಲಿ ಗುಡಿಸುವುದು ಅತಿ ಕೆಟ್ಟ ಕೆಲಸ. ಮಾಸ್ಕ್ ಹಾಕಿ, ನೀರು ಚಿಮುಕಿಸಿ ಮೆತ್ತಗಾದ ಮೇಲೆ ತೆಗೆಯಿರಿ, ಆಮೇಲೆ ಬಲೆ ಹಾಕಿಸಿ. ಕಾಳು ಹಾಕುವ ಪುಣ್ಯವಂತರು ಮೇಲಿನ ಮಹಡಿಯಲ್ಲಿದ್ದರೆ ಸಂಘದ ಮೀಟಿಂಗಿನಲ್ಲೇ ಮಾತಾಡಬೇಕು.

ಹೊಸ ಮನೆಯ ಕಣ್ಣುರಿ

ಹೊಸ ಮಾಡ್ಯುಲರ್ ಕಿಚನ್, ವಾರ್ಡ್‌ರೋಬ್. ಬಾಗಿಲು ತೆಗೆದರೆ ಕಣ್ಣಲ್ಲಿ ನೀರು. ಎಂಡಿಎಫ್, ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಕಣ್ಣುರಿಸುವ ಅನಿಲ ಬರುತ್ತಿದೆ. ಸೆಖೆ, ತೇವ ಜಾಸ್ತಿಯಾದಂತೆ ಅದೂ ಜಾಸ್ತಿ. ಖಾಲಿ ವಾರ್ಡ್‌ರೋಬ್‌ಗಳ ಬಾಗಿಲು ತೆರೆದಿಟ್ಟು, ಹಗಲೆಲ್ಲ ಗಾಳಿಯಾಡಿಸಿ, ಸಾಧ್ಯವಾದರೆ ಕೆಲವು ವಾರ ತಡವಾಗಿ ವಾಸಕ್ಕೆ ಹೋಗಿ. ಮಾಡಿಸುವಾಗಲೇ ಈ ಅನಿಲ ಕಡಿಮೆ ಬಿಡುವ ಇ0 ಅಥವಾ ಇ1 ದರ್ಜೆಯ ಬೋರ್ಡ್ ಕೇಳಿ, ಕತ್ತರಿಸಿದ ಅಂಚುಗಳಿಗೆಲ್ಲ ಪಟ್ಟಿ ಹಾಕಿಸಿ.

ಗಿಡ ಇಟ್ಟರೆ ಹೀರಿಕೊಳ್ಳುತ್ತದಂತಲ್ಲ? 1989ರ ನಾಸಾ ಪ್ರಯೋಗ ನಡೆದಿದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಹೊರಗಿನ ಗಾಳಿ ಬಂದು ಹೋಗುವುದರಿಂದ ಆಗುವಷ್ಟೇ ಫಲ ಗಿಡಗಳಿಂದ ಬೇಕೆಂದರೆ ಚದರ ಮೀಟರಿಗೆ ಕನಿಷ್ಠ ಹತ್ತು ಕುಂಡ ಬೇಕು ಎಂದು 2019ರ ಒಂದು ವಿಮರ್ಶೆ ಲೆಕ್ಕ ಹಾಕಿದೆ. ಮನಿಪ್ಲಾಂಟ್ ಚೆಂದಕ್ಕೆ ಇಡಿ.

ಮೀಟರ್ ಮತ್ತು ಮಷಿನ್

ಮೂಲಗಳನ್ನೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಮೀಟರ್ ತನ್ನಿ. ತಂದ ದಿನವೇ ಅದನ್ನೂ ಪರೀಕ್ಷಿಸಿ. ಕಾರ್ಬನ್ ಡೈಆಕ್ಸೈಡ್ ಮೀಟರನ್ನು ಬಾಲ್ಕನಿಯಲ್ಲಿಟ್ಟರೆ 420ರ ಆಸುಪಾಸು ತೋರಿಸಬೇಕು. ಆಮೇಲೆ ಅದರ ಹತ್ತಿರ ಸ್ಯಾನಿಟೈಸರ್ ತೆರೆದಿಡಿ. ಅಂಕಿ ಸಾವಿರ ದಾಟಿ ಜಿಗಿದರೆ ಆ ಮೀಟರ್ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿಲ್ಲ, ಬೇರೆ ಆವಿಗಳನ್ನು ನೋಡಿ ಅಂದಾಜು ಹೇಳುತ್ತಿದೆ. ವಾಪಸ್ ಕೊಡಿ. ಧೂಳಿನ ಮೀಟರಿಗೆ ಮಂಜಿನ ಹನಿಯೂ ಧೂಳೇ. ಹ್ಯೂಮಿಡಿಫೈಯರ್ ಪಕ್ಕ ಇಟ್ಟು ಗಾಬರಿಯಾಗಬೇಡಿ.

ಪಿಎಂ 2.5, ಅಂದರೆ ಗಾಳಿಯಲ್ಲಿರುವ ಸೂಕ್ಷ್ಮ ಕಣಗಳ ಅಂಕಿಯನ್ನು ಯಾವ ಅಳತೆಗೆ ಹೋಲಿಸುತ್ತೀರಿ ಎಂಬುದೂ ಮುಖ್ಯ. ದಿನದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಮೀಟರಿನ ಪರದೆ ಮೇಲೆ ಹಸಿರು ಬಣ್ಣ ಕಂಡರೆ ಅದು ಯಾವ ಹಸಿರು ಅಂತ ಕೇಳಿಕೊಳ್ಳಿ. ಹೊರಗಿನ ಗಾಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಇದೆ. ಪೀಣ್ಯ, ಹೆಬ್ಬಾಳ, ಸಿಲ್ಕ್ ಬೋರ್ಡ್ ಹೀಗೆ ಹತ್ತಿರದ ಕೇಂದ್ರ ನೋಡಬಹುದು. ಒಳಗಿನ ಅಂಕಿ ಹೊರಗಿನದಕ್ಕಿಂತ ಜಾಸ್ತಿ ಇದ್ದರೆ ಮೂಲ ಇನ್ನೂ ಮನೆಯಲ್ಲೇ ಇದೆ, ಮಷಿನ್ ಈಗಲೂ ಬೇಡ. ಹೊರಗೇ ಜಾಸ್ತಿ, ಅದು ಒಳಗೆ ಬರುತ್ತಿದೆ ಅಂದಾಗ ಮಾತ್ರ ಪ್ಯೂರಿಫೈಯರ್‌ಗೆ ಅರ್ಥ ಇದೆ.

ಕೊಳ್ಳುವಾಗ ಸೂಕ್ಷ್ಮ ಕಣಗಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರಲಿ. ಓಝೋನ್ ಬಿಡುವ ಮಷಿನ್ ಬೇಡ, ಓಝೋನೇ ಉಸಿರಿಗೆ ಕೆಡುಕು. ಸಿಎಡಿಆರ್ ಅಂಕಿ ನೋಡಿ, ಗಂಟೆಗೆ ಎಷ್ಟು ಘನ ಮೀಟರ್ ಗಾಳಿ ಶುದ್ಧ ಮಾಡುತ್ತದೆ ಎಂಬ ಲೆಕ್ಕ ಅದು. 10×12 ಅಡಿ ಕೋಣೆ, 10 ಅಡಿ ಎತ್ತರವೆಂದರೆ ಸುಮಾರು 34 ಘನ ಮೀಟರ್. ಗಂಟೆಗೆ ಐದು ಸಲ ಗಾಳಿ ತಿರುಗಬೇಕೆಂದರೆ 170 ಬೇಕು. ಆ ಅಂಕಿ ಫ್ಯಾನ್ ಪೂರ್ತಿ ಜೋರಲ್ಲಿದ್ದಾಗಿನದು. ರಾತ್ರಿ ಸದ್ದಿಗೆ ಹೆದರಿ ಕಡಿಮೆ ಇಡುತ್ತೇವೆ, ಹಾಗಾಗಿ 250 ಇರುವುದನ್ನೇ ತನ್ನಿ. ಗೋಡೆಗೆ ಒತ್ತಿ, ಪರದೆಯ ಹಿಂದೆ ಇಡಬೇಡಿ. ಹೊರಗಿನ ಜಾಲರಿಯ ಧೂಳು ತೆಗೆಯುತ್ತಿರಿ. ಒಳಗಿನ ಹೆಪಾ ಹಾಳೆಯನ್ನು ನೀರಿನಲ್ಲಿ ತೊಳೆಯಬೇಡಿ, ತೊಳೆದರೆ ಕೆಟ್ಟಿತು. ಮತ್ತೊಂದು, ಅಂಗಡಿಯವರಿಗೆ ಮೊದಲೇ ಬದಲಿ ಫಿಲ್ಟರಿನ ಬೆಲೆ ಕೇಳಿ. ಕೆಲವು ಮಷಿನ್‌ಗಳಲ್ಲಿ ಎರಡು ಫಿಲ್ಟರಿನ ಬೆಲೆಗೆ ಹೊಸ ಮಷಿನ್ನೇ ಬರುತ್ತದೆ.